ಬಾಗಿಲು ತೆರೆಯುವ ಧರ್ಮ

2021ನೆಯ ಇಸವಿಯ ಜುಲೈ ತಿಂಗಳ ಕೊನೆಯಲ್ಲಿ, ಕೊರೊನಾ ವ್ಯಾಧಿಯ ಎರಡನೆಯ ಅಲೆ ಇಳಿಯುತ್ತಿದ್ದ ಸಮಯಕ್ಕೆ, ಕರ್ನಾಟಕ ಸರ್ಕಾರವು ಹೊರಡಿಸಿದ ಒಂದು ಆದೇಶವು, ಆ ಎರಡು ವರ್ಷಗಳಲ್ಲಿ ಬಂದುಹೋದ ಅಸಂಖ್ಯ ಆದೇಶಗಳ ನಡುವೆ ವಿಶೇಷವಾಗಿ ಯಾರ ಕಣ್ಣಿಗೂ ಬೀಳದೆ ಹೋಯಿತಾದರೂ, ಧರ್ಮಾಧರ್ಮಗಳನ್ನು ಕುರಿತು ಚಿಂತಿಸುವವನು ನಿಂತು ಓದಬೇಕಾದಂಥದ್ದು. ಜುಲೈ 25ರಿಂದ ಗುಡಿ, ಮಸೀದಿ, ಚರ್ಚು, ಗುರುದ್ವಾರಗಳು ತಮ್ಮ ತಮ್ಮ ಸೇವಾಕಾರ್ಯಗಳೊಡನೆ ತೆರೆಯಬಹುದೆಂದೂ, ಅದೇ ದಿನದಿಂದ ಮನರಂಜನಾ ಉದ್ಯಾನಗಳೂ ಬಾಗಿಲು ತೆಗೆಯಬಹುದೆಂದೂ, ಆದರೆ ಅಲ್ಲಿ ನೀರಾಟ ಕೂಡದೆಂದೂ, ಜಾತ್ರೆ, ದೇವಸ್ಥಾನದ ಉತ್ಸವ, ಮೆರವಣಿಗೆಗಳು ಮಾತ್ರ ನಡೆಯಕೂಡದೆಂದೂ ಅದರಲ್ಲಿ ವಿಧಿಸಲಾಗಿತ್ತು. ದೇವರ ಮನೆಯ ಸೇವೆಗಳೂ ಆಟದ ಮನೆಯ ವಿಹಾರವೂ ಒಂದೇ ದಿನ ಮರಳಿದುವು. ಅವೆರಡರ ಕೂಡಿಕೆಯಿಂದ ಹುಟ್ಟಿದ ಜಾತ್ರೆ ಮುಚ್ಚಿಯೇ ಉಳಿಯಿತು.

ಈ ಸಂಯೋಗದ ಅರ್ಥವೇನೆಂಬುದನ್ನು ಕಾಗಿನೆಲೆಯಲ್ಲಿ ಕುಳಿತು ಯೋಚಿಸುವುದು ಉಚಿತವೆಂದು ನನಗೆ ತೋರುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಈ ಗ್ರಾಮದಲ್ಲಿ ಆದಿಕೇಶವನ ಗುಡಿಯುಂಟು, ಕನಕದಾಸರ ಗದ್ದುಗೆಯುಂಟು, ಹಿರಿದಾದ ಕೆರೆಯುಂಟು, ಯಾತ್ರಿಕರಿಗಾಗಿ ಬೆಳೆಸಿದ ಉದ್ಯಾನವೂ ಉಂಟು. ಹಾವೇರಿಯಿಂದಲೋ ರಾಣೆಬೆನ್ನೂರಿನಿಂದಲೋ ಮಕ್ಕಳು ಮರಿಗಳೊಡನೆ ಬಂದವರು ಗದ್ದುಗೆಗೆ ಹಣೆ ಮಣಿಸಿ, ರೊಟ್ಟಿ ಬುತ್ತಿ ಬಿಚ್ಚಿ ಉಂಡು, ಮಕ್ಕಳನ್ನು ನೆರಳಿನಲ್ಲಿ ಆಡಲು ಬಿಟ್ಟು, ಹೊತ್ತು ಇಳಿದ ಮೇಲೆ ಬಸ್ಸು ಹಿಡಿಯುತ್ತಾರೆ. ನೀವು ದೇವರಿಗೆ ಬಂದವರೋ ಆಟಕ್ಕೆ ಬಂದವರೋ ಎಂದು ಅವರನ್ನು ಕೇಳಿದರೆ, ಆ ಎರಡನ್ನು ಬೇರ್ಪಡಿಸಬೇಕಾದ ಅಗತ್ಯವೇ ಅವರಿಗೆ ಕಾಣದು. ಹೀಗಿರಲಾಗಿ, ಮಹಾಮಾರಿಯ ಕಾಲದಲ್ಲಿ ವಿಹಾರಸ್ಥಾನಗಳ ಬಾಗಿಲನ್ನು ಮತ್ತೆ ತೆರೆಯುವುದು ಯಾವಾಗ ಧರ್ಮ, ಯಾವಾಗ ಅಧರ್ಮ ಎಂಬ ಪ್ರಶ್ನೆಯನ್ನು ವೈದ್ಯರಿಗೂ ವರ್ತಕರಿಗೂ ಬಿಟ್ಟುಕೊಟ್ಟು ಸುಮ್ಮನಿರುವುದು ಸಾಧುವಲ್ಲ. ಅದರಲ್ಲಿ ಮನುಷ್ಯನ ಆನಂದದ ಹಕ್ಕೂ ನೆರೆಯವನ ಪ್ರಾಣದ ಬೆಲೆಯೂ ಎದುರುಬದುರಾಗಿ ನಿಂತಿವೆ.

ನಡೆದ ಸಂಗತಿಗಳನ್ನು ಸಂಕ್ಷೇಪವಾಗಿ ನೆನೆಯೋಣ. 2020ರ ಮಾರ್ಚ್ ತಿಂಗಳಲ್ಲಿ ಕಲಬುರಗಿಯ ವೃದ್ಧರೊಬ್ಬರ ಮರಣವು ಭಾರತದಲ್ಲಿ ಈ ವ್ಯಾಧಿಯ ಮೊದಲ ಮರಣವೆಂದು ದೃಢಪಟ್ಟೊಡನೆಯೇ, ಮಾರ್ಚ್ 14ರಿಂದ ನಮ್ಮ ರಾಜ್ಯದಲ್ಲಿ ಚಿತ್ರಮಂದಿರ ಮೊದಲಾದ ಜನ ಸೇರುವ ಸ್ಥಳಗಳು ಮುಚ್ಚಿದುವು. 25ರಿಂದ ದೇಶಕ್ಕೆ ದೇಶವೇ ಮನೆಯೊಳಗಾಯಿತು. ಜೂನ್ 8ರಂದು ದೇವಾಲಯಗಳು ತೆರೆದುವು. ಮನರಂಜನಾ ಉದ್ಯಾನಗಳು ಕೇಂದ್ರ ಸರ್ಕಾರದ ಅಪ್ಪಣೆಗಾಗಿ ಅಕ್ಟೋಬರ್ 15ರವರೆಗೆ ಕಾಯಬೇಕಾಯಿತು. ಬಿಡದಿಯ ಬಳಿಯ ವಂಡರ್‌ಲಾ ಜನರನ್ನು ಒಳಗೆ ಬಿಟ್ಟುಕೊಂಡದ್ದು ನವೆಂಬರಿನಲ್ಲಿ. ಹೊರದೇಶಗಳಲ್ಲಿಯೂ ಇದೇ ತಳಮಳ. ಶಾಂಘೈ ನಗರದ ಡಿಸ್ನಿಲ್ಯಾಂಡ್ ಮೇ 11ರಂದು, ತನ್ನ ಸಾಮರ್ಥ್ಯದ ಮೂರನೆಯ ಒಂದು ಪಾಲಿಗೂ ಕಡಿಮೆ ಜನರೊಡನೆ ತೆರೆಯಿತು. ಹಾಂಗ್‌ಕಾಂಗಿನದು ಜೂನ್ ತಿಂಗಳಲ್ಲಿ ತೆರೆದು ಜುಲೈ ನಡುವಿನಲ್ಲಿ ಮತ್ತೆ ಮುಚ್ಚಿತು. ಕ್ಯಾಲಿಫೋರ್ನಿಯಾದ ಮೂಲಸ್ಥಾನವು 2021ರ ಏಪ್ರಿಲ್ ಕೊನೆಯವರೆಗೂ ಬಾಗಿಲು ತೆಗೆಯಲಿಲ್ಲ. ಒಂದೇ ವ್ಯಾಧಿಯ ಎದುರಿನಲ್ಲಿ ಒಂದೇ ಹೆಸರಿನ ಉದ್ಯಾನಗಳು ಇಷ್ಟು ಬಗೆಯಾಗಿ ನಡೆದುಕೊಂಡದ್ದನ್ನು ನೋಡಿದರೆ, ತೆರೆಯುವುದಕ್ಕೆ ಒಂದು ನಿಯತವಾದ ಮುಹೂರ್ತವಿಲ್ಲವೆಂಬುದೂ, ಒಮ್ಮೆ ತೆರೆದವನು ಮತ್ತೆ ಮುಚ್ಚಲು ಸಿದ್ಧನಾಗಿರಬೇಕೆಂಬುದೂ ಸ್ಪಷ್ಟವಾಗುತ್ತದೆ.

ಮೊದಲು ತೆರೆಯಕೂಡದೆಂಬ ವಾದವನ್ನು ಅದರ ಪೂರ್ಣಬಲದೊಡನೆ ಕೇಳತಕ್ಕದ್ದು. 2021ರ ಮೇ ಮೊದಲ ವಾರದಲ್ಲಿ ಚಾಮರಾಜನಗರದಲ್ಲಿ ಒಂದೇ ಹಗಲಿರುಳಿನೊಳಗೆ ಇಪ್ಪತ್ತಕ್ಕೂ ಹೆಚ್ಚು ರೋಗಿಗಳು ಆಮ್ಲಜನಕದ ಕೊರತೆಯ ನಡುವೆ ಅಸುನೀಗಿದ ಸುದ್ದಿ ಬಂದಿತ್ತು. ಬೆಂಗಳೂರಿನ ಚಿತಾಗಾರಗಳ ಮುಂದೆ ಶವವಾಹನಗಳು ಸಾಲುಗಟ್ಟಿ ನಿಂತಿದ್ದುವು. ಹೆತ್ತವರ ಮುಖವನ್ನು ಕಡೆಯ ಬಾರಿ ನೋಡಲಾಗದ ಮಕ್ಕಳೂ, ಮಕ್ಕಳ ಬಾಯಿಗೆ ಕಡೆಯ ಹನಿ ನೀರು ಬಿಡಲಾಗದ ಹೆತ್ತವರೂ ಪ್ರತಿಯೊಂದು ಊರಿನಲ್ಲಿಯೂ ಇದ್ದರು. ಮೂರು ತಿಂಗಳು ಕಳೆಯುವ ಮೊದಲೇ ಎತ್ತರದ ಚಕ್ರಗಳನ್ನು ತಿರುಗಿಸಿ ಟಿಕೀಟು ಹರಿಯುವುದು ಮೃತರಿಗೆ ಮಾಡುವ ಅಗೌರವವಲ್ಲವೇ? ಸೂತಕದ ಮನೆಯಲ್ಲಿ ವಾದ್ಯ ನುಡಿಸದ ಸಂಸ್ಕಾರವಂತ ಜನ, ನಾಡಿಗೆ ನಾಡೇ ಸೂತಕದಲ್ಲಿರುವಾಗ ಆಟಕ್ಕೆ ಹೊರಡಬಹುದೇ? ಈ ಮಾತಿನಲ್ಲಿ ನೋವಿದೆ, ಸತ್ಯವೂ ಇದೆ. ಆದರೆ ಸೂತಕಕ್ಕೆ ನಮ್ಮ ಹಿರಿಯರು ದಿನಗಳ ಎಲ್ಲೆಯನ್ನು ಕಟ್ಟಿದರೆಂಬುದನ್ನೂ ನಾವು ಮರೆಯಕೂಡದು. ದುಃಖಕ್ಕೆ ಸಲ್ಲುವ ಕಾಲವನ್ನು ಸಲ್ಲಿಸಿದ ಮೇಲೆ ಬದುಕಿದವರು ಎದ್ದು ಮಿಂದು ಒಲೆ ಹಚ್ಚಲೇಬೇಕೆಂದು ಅವರು ವಿಧಿಸಿದರು. ಮರಣದ ಎದುರಿನಲ್ಲಿ ಬಾಳನ್ನು ಮತ್ತೆ ಕೈಗೆತ್ತಿಕೊಳ್ಳುವುದು ಸತ್ತವರನ್ನು ಮರೆತಂತಾಗದೆಂಬ ವಿವೇಕ ಆ ವಿಧಿಯಲ್ಲಿದೆ.

ಆಟವೆಂಬುದು ಬಾಳಿಗೆ ಅಂಟಿಸಿದ ಅಲಂಕಾರವೇ, ಬಾಳಿನ ಉಸಿರೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಆಪ್ತಕಾಮನಾದ ಪರಮಾತ್ಮನು ಜಗತ್ತನ್ನು ಏತಕ್ಕಾಗಿ ಸೃಜಿಸಿದನೆಂಬ ಆಕ್ಷೇಪಕ್ಕೆ ಬಾದರಾಯಣರು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಕೊಟ್ಟ ಸಮಾಧಾನವು ಲೀಲೆಯೆಂಬುದು. ಅದನ್ನು ವಿವರಿಸುತ್ತ ಶಂಕರಾಚಾರ್ಯರು ಎರಡು ದೃಷ್ಟಾಂತಗಳನ್ನು ತರುತ್ತಾರೆ: ಬಯಕೆಗಳೆಲ್ಲ ಈಡೇರಿದ ಅರಸನೊಬ್ಬನು ಯಾವ ಪ್ರಯೋಜನವನ್ನೂ ಎಣಿಸದೆ ಕ್ರೀಡಾವಿಹಾರಗಳಲ್ಲಿ ತೊಡಗುವಂತೆ, ಮತ್ತು ಯಾವ ಬಾಹ್ಯ ಉದ್ದೇಶವೂ ಇಲ್ಲದೆ ಉಚ್ಛ್ವಾಸ ನಿಃಶ್ವಾಸಗಳು ಸ್ವಭಾವದಿಂದಲೇ ನಡೆಯುವಂತೆ, ಈಶ್ವರನ ಪ್ರವೃತ್ತಿಯು ಎಂದು. ಕ್ರೀಡಾವಿಹಾರವನ್ನೂ ಉಸಿರಾಟವನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಮಹನೀಯರ ಮಾತನ್ನು, ಉಸಿರೇ ಅಪಾಯವಾಗಿದ್ದ ವರ್ಷಗಳಲ್ಲಿ ಮತ್ತೆ ಓದಿದಾಗ ಹೃದಯ ನಡುಗುತ್ತದೆ. ಲಾಭದ ಲೆಕ್ಕವಿಲ್ಲದೆ ಆಡುವ ಮಗುವಿನಲ್ಲಿ ಸೃಷ್ಟಿಯ ಮೂಲಸ್ವಭಾವವೇ ಮಿಡಿಯುತ್ತದೆಂದು ಒಪ್ಪಿದವನು, ಆಟವನ್ನು ‘ಅನಗತ್ಯ’ಗಳ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳಲಾರನು.

ಆದರೆ ದೃಷ್ಟಾಂತವು ಎರಡು ಕಡೆಗೂ ಹರಿಯುವ ಅಲಗು. ಈ ವ್ಯಾಧಿ ಹರಡಿದ್ದು ಉಸಿರಿನಿಂದಲೇ. ಬಾಯ್ತೆರೆದು ನಕ್ಕಾಗ, ಕೂಗಿದಾಗ, ಹಾಡಿದಾಗ ಹೊರಡುವ ಸೂಕ್ಷ್ಮಕಣಗಳಿಂದಲೇ. ಜಪಾನಿನ ಉದ್ಯಾನಗಳ ಸಂಘಗಳು 2020ರ ಬೇಸಿಗೆಯಲ್ಲಿ, ಎತ್ತರದಿಂದ ಧುಮುಕುವ ಬಂಡಿಗಳಲ್ಲಿ ಕುಳಿತವರು ಕೂಗಕೂಡದೆಂದು ಸೂಚಿಸಿದುವು. ಫ್ಯೂಜಿ ಪರ್ವತದ ತಪ್ಪಲಿನ ಒಂದು ಉದ್ಯಾನದ ಅಧಿಕಾರಿಗಳಿಬ್ಬರು ಮುಖಕವಚ ಧರಿಸಿ, ತುಟಿ ಬಿಗಿದು, ಆ ಬಂಡಿಯಲ್ಲಿ ಕುಳಿತು ಹೋದ ಚಿತ್ರವನ್ನು ಜಗತ್ತೆಲ್ಲ ನೋಡಿತು. ಆ ಮೌನದಲ್ಲಿ ಒಂದು ವ್ರತದ ಗಾಂಭೀರ್ಯವನ್ನು ನಾನು ಕಾಣುತ್ತೇನೆ. ಆನಂದವನ್ನು ಬಿಡದೆ, ಆನಂದದ ಯಾವ ಅಂಶವು ಪಕ್ಕದವನಿಗೆ ವಿಷವಾದೀತೋ ಅದನ್ನಷ್ಟೇ ತಡೆಹಿಡಿಯುವ ಸಂಯಮ ಅದು. ಲೀಲೆಯು ಪೂರ್ಣತೆಯಿಂದ ಹೊಮ್ಮತಕ್ಕದ್ದು. ಇನ್ನೊಬ್ಬನ ಕೊರತೆಯ ಮೇಲೆ, ಇನ್ನೊಬ್ಬನ ಭಯದ ಮೇಲೆ ನಿಂತ ಕ್ರೀಡೆಯು ಹೆಸರಿಗೆ ಕ್ರೀಡೆಯೇ ಹೊರತು ಶಂಕರರು ಹೇಳಿದ ಅರ್ಥದಲ್ಲಿ ಲೀಲೆಯಾಗದು. ಉದ್ಯಾನಕ್ಕೆ ಬರುವವನು ತನ್ನ ಇಚ್ಛೆಯಿಂದ ಬರುತ್ತಾನೆ. ಅಪಾಯವನ್ನು ತೂಗಿ ನೋಡಿ ಮನೆಯಲ್ಲಿಯೂ ಉಳಿಯಬಲ್ಲನು. ಅವನ ಸೊಂಟಕ್ಕೆ ಪಟ್ಟಿ ಬಿಗಿಯುವ, ಅವನು ಮುಟ್ಟಿದ ಸರಳನ್ನು ಒರೆಸುವ, ಅವನ ಮಕ್ಕಳಿಗೆ ತಿಂಡಿ ಬಡಿಸುವ ಕೆಲಸಗಾರನಿಗೆ ಆ ಸ್ವಾತಂತ್ರ್ಯವಿಲ್ಲ: ಬಾಗಿಲು ಮುಚ್ಚಿದರೆ ಸಂಬಳ ಹೋಗುತ್ತದೆ, ತೆರೆದರೆ ಆರೋಗ್ಯ ಹೋದೀತು. ಅವನ ಸಂಬಳಕ್ಕೂ ಚಿಕಿತ್ಸೆಗೂ ಭರವಸೆ ಕೊಡದೆ ತೆರೆದ ಬಾಗಿಲು ಆನಂದದ ಹೆಸರಿನಲ್ಲಿ ನಡೆದ ಅನ್ಯಾಯ.

ಅಗತ್ಯ ಯಾವುದು, ಅನಗತ್ಯ ಯಾವುದು ಎಂಬ ವಿವಾದವನ್ನು ಕಾಗಿನೆಲೆಯ ಕನಕದಾಸರು ನಾಲ್ಕು ಶತಮಾನಗಳಿಗೂ ಹಿಂದೆಯೇ ಒಂದು ಕಥೆಯಾಗಿ ಕಟ್ಟಿಟ್ಟಿದ್ದಾರೆ. ರಾಮಧಾನ್ಯಚರಿತ್ರೆಯಲ್ಲಿ ನೆಲ್ಲೂ ರಾಗಿಯೂ ತಮ್ಮಲ್ಲಿ ಶ್ರೇಷ್ಠರಾರೆಂದು ಶ್ರೀರಾಮನ ಸಮ್ಮುಖದಲ್ಲಿ ಕಲಹ ಹೂಡುತ್ತವೆ. ದೇವರ ನೈವೇದ್ಯಕ್ಕೂ ಬ್ರಾಹ್ಮಣರ ಭೋಜನಕ್ಕೂ ಮಂಗಳಕಾರ್ಯಕ್ಕೂ ಸಲ್ಲುವೆನೆಂಬುದು ನೆಲ್ಲಿನ ಹೆಮ್ಮೆ. ಬರ ಬಂದಾಗ ಬಡವರನ್ನು ಬದುಕಿಸುವೆನೆಂಬುದು ರಾಗಿಯ ಉತ್ತರ. ರಾಮನು ಅವಸರದ ತೀರ್ಪು ಕೊಡದೆ ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಅವಧಿ ತೀರಿದ ಮೇಲೆ ನೆಲ್ಲು ಸೊರಗಿದೆ, ರಾಗಿ ಕೆಡದೆ ನಿಂತಿದೆ. ನಮ್ಮ ನಾಡೂ ಅಷ್ಟೇ ಕಾಲ, ಅದಕ್ಕೂ ಮಿಗಿಲಾಗಿ, ಸೆರೆಯಲ್ಲಿತ್ತು. ಆ ಪರೀಕ್ಷೆಯಲ್ಲಿ ಸಾವಿರಾರು ಜನರ ಮದುವೆಯ ಚಪ್ಪರಗಳೂ ಆಡಂಬರದ ಸಮಾರಂಭಗಳೂ ಸೊರಗಿದುವು. ಆಟ ಸೊರಗಲಿಲ್ಲ. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು, ಹುಣಸೆಬೀಜವನ್ನು ಅರ್ಧಕ್ಕೆ ತೇಯ್ದು ದಾಳ ಮಾಡಿಕೊಂಡು, ಅಜ್ಜಿಯೂ ಮೊಮ್ಮಗಳೂ ಎದುರುಬದುರು ಕುಳಿತ ಮನೆಗಳು ಎಷ್ಟೋ. ದೊಡ್ಡ ಯಂತ್ರಗಳು ತುಕ್ಕು ಹಿಡಿಯುತ್ತಿದ್ದಾಗ ಹುಣಸೆಬೀಜ ಉರುಳುತ್ತಿತ್ತು. ಆಟದ ಅರಮನೆ ಮುಚ್ಚಿದರೂ ಆಟ ಉಳಿಯಬಲ್ಲುದೆಂಬ ಈ ಅನುಭವವು ನಮಗೆ ಧೈರ್ಯವನ್ನು ಕೊಡಬೇಕು. ಆತುರದಿಂದ ಅರಮನೆಯ ಬಾಗಿಲು ತೆಗೆಯಬೇಕಾದ ಒತ್ತಡದಿಂದ ನಮ್ಮನ್ನು ಬಿಡಿಸಬೇಕು.

ಇಲ್ಲಿಯೇ ಭಕ್ತಿಗೂ ಆಟಕ್ಕೂ ಇರುವ ಒಂದು ಅಂತರವನ್ನು ಗಮನಿಸತಕ್ಕದ್ದು. ಉಡುಪಿಯಲ್ಲಿ ಗುಡಿಯ ಒಳಗೆ ಪ್ರವೇಶ ದೊರೆಯದೆ ಹಿಂಬದಿಯಲ್ಲಿ ನಿಂತ ಕನಕದಾಸರಿಗೆ ಕೃಷ್ಣನು ತಿರುಗಿ ದರ್ಶನವಿತ್ತನೆಂದು ನಾಡೆಲ್ಲ ನಂಬಿದೆ. ಕನಕನ ಕಿಂಡಿ ಇಂದಿಗೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಗೋಡೆಯ ಆಚೆ ನಿಂತವನ ಭಕ್ತಿ ಒಳಗಿನವನ ಭಕ್ತಿಗಿಂತ ಕಡಿಮೆಯದಲ್ಲವೆಂಬುದು ಅದರ ಸಾರ. ಮಾನಸಪೂಜೆಯುಂಟು, ನಾಮಸ್ಮರಣೆಯುಂಟು; ಅಗಲಿಕೆಯಲ್ಲಿ ಭಕ್ತಿ ಇನ್ನಷ್ಟು ಗಾಢವಾಗುವುದೆಂದು ದಾಸರೂ ಶರಣರೂ ಸಾಧಿಸಿ ತೋರಿಸಿದ್ದಾರೆ. ಆದುದರಿಂದ ಗುಡಿಯ ಬಾಗಿಲು ಮುಚ್ಚಿದಾಗ ಭಕ್ತನು ನೊಂದನೇ ಹೊರತು ಬಡವನಾಗಲಿಲ್ಲ. ಮಗುವಿನ ಮಾತು ಹಾಗಲ್ಲ. ಓಡಲು ಬಯಲು ಬೇಕು, ಹಿಡಿಯಲು ಮತ್ತೊಂದು ಮಗುವಿನ ಕೈ ಬೇಕು. ಐದು ವರ್ಷದ ಮಗುವಿಗೆ ಎರಡು ವರ್ಷವೆಂದರೆ ಅದರ ನೆನಪಿನ ಬಾಳೆಲ್ಲವೂ ಹೌದು. 2020ರಲ್ಲಿ ದೇವಾಲಯಗಳು ಜೂನ್ ತಿಂಗಳಲ್ಲಿಯೂ ಆಟದ ತಾಣಗಳು ಅಕ್ಟೋಬರಿನಲ್ಲಿಯೂ ತೆರೆದಾಗ, ಹಿರಿಯರ ಅಗತ್ಯವನ್ನು ಮೊದಲು ಕಂಡು ಕಿರಿಯರದನ್ನು ಆಮೇಲೆ ಕಂಡೆವೆಂಬುದನ್ನು ಒಪ್ಪಿಕೊಳ್ಳೋಣ. ಉದ್ಯಾನಗಳನ್ನು ಮೊದಲೇ ತೆರೆಯಬೇಕಿತ್ತೆಂದು ಇದರಿಂದ ಸಿದ್ಧವಾಗದು. ಮಕ್ಕಳು ಕಳೆದುಕೊಂಡದ್ದು ನಿಜವಾದ ನಷ್ಟವೆಂದೂ, ಅವರಿಗೆ ಬಯಲಿನಲ್ಲಿ, ಗಾಳಿಯಲ್ಲಿ, ಸಣ್ಣ ಗುಂಪಿನಲ್ಲಿ ಆಟವನ್ನು ಹಿಂತಿರುಗಿಸುವುದು ದೊಡ್ಡವರ ಋಣವೆಂದೂ ಸಿದ್ಧವಾಗುತ್ತದೆ.

ಇನ್ನು ಜಾತ್ರೆಯ ಮಾತು. ನಮ್ಮ ನಾಡಿನಲ್ಲಿ ದೇವರು ತೇರಿನಲ್ಲಿ ಕುಳಿತು ಬೀದಿಗೆ ಬರುವ ದಿನವೇ ಮಕ್ಕಳು ತಿರುಗುವ ತೊಟ್ಟಿಲಿನಲ್ಲಿ ಕುಳಿತು ಆಕಾಶಕ್ಕೆ ಏರುವ ದಿನ. ಬೆಂಡು ಬತ್ತಾಸಿನ ಅಂಗಡಿ, ಬಳೆಗಾರರ ಸಾಲು, ಪೀಪಿ ಪುಗ್ಗೆ ಮಾರುವವರು, ಮಿಠಾಯಿಯ ಬಂಡಿ, ರಾತ್ರಿಯಿಡೀ ಕಂಪನಿ ನಾಟಕ: ಇವನ್ನು ನಂಬಿದವರೆಲ್ಲ ಒಂದು ಊರಿನ ಜಾತ್ರೆ ಮುಗಿಸಿ ಮತ್ತೊಂದಕ್ಕೆ ಗಂಟು ಕಟ್ಟುತ್ತ, ಸುಗ್ಗಿಯಿಂದ ಮುಂಗಾರಿನ ತನಕ ದುಡಿದದ್ದರಲ್ಲಿ ವರ್ಷ ಕಳೆಯುವವರು. ಎರಡು ವರ್ಷ ಎರಡು ಸುಗ್ಗಿಗಳು ಅವರ ಕೈತಪ್ಪಿದುವು. ಉದ್ಯಾನಕ್ಕೆ ಗೋಡೆಯಿದೆ, ಬಾಗಿಲಿದೆ, ಒಳಗೆ ಹೋದವರನ್ನು ಎಣಿಸುವ ಉಪಾಯವಿದೆ. ಜಾತ್ರೆಗೆ ಎಂಟು ದಿಕ್ಕೂ ಬಾಗಿಲು. ಎಣಿಸಬಹುದಾದದ್ದು ತೆರೆಯಿತು, ಎಣಿಸಲಾಗದ್ದು ಮುಚ್ಚಿಯೇ ಇತ್ತು. ರೋಗದ ದೃಷ್ಟಿಯಿಂದ ಇದು ಯುಕ್ತವೇ. ಜಾತ್ರೆಯನ್ನು ತಡೆದ ಆದೇಶವನ್ನು ನಾನು ಖಂಡಿಸಲಾರೆ. ಆದರೆ ಯುಕ್ತವಾದ ಕಾರ್ಯದಿಂದಲೂ ಒಬ್ಬನಿಗೆ ಹಾನಿಯಾದರೆ, ಅದರ ಭಾರವನ್ನು ಅವನೊಬ್ಬನ ಹೆಗಲಿಗೇ ಬಿಟ್ಟುಬಿಡುವುದು ಧರ್ಮವಾಗದು. ಹಣ ಕೊಟ್ಟು ಗೋಡೆಯೊಳಗೆ ಹೋಗಬಲ್ಲ ಮಗುವಿಗೆ ಆಟ ಮರಳಿತು. ಮಿಠಾಯಿ ಬಂಡಿಯವನ ಮಗುವಿಗೆ ಆಟವೂ ಮರಳಲಿಲ್ಲ, ಊಟವೂ ಸರಿಯಾಗಿ ಮರಳಲಿಲ್ಲ. ಇದೇ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ, ಹೆದ್ದಾರಿಯ ಬದಿಗೆ, ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನಿನಲ್ಲಿ ನಮ್ಮ ಹಳ್ಳಿಯ ಬಾಳು ಶಿಲ್ಪಗಳಾಗಿ ಆಳೆತ್ತರಕ್ಕೆ ನಿಂತಿದೆ: ಒಕ್ಕಲಿಗರು, ಕಸುಬಿನವರು, ದನಕರುಗಳು, ಹೆಂಗಸರು, ಮಕ್ಕಳು. ಮುಚ್ಚಿದ ತಿಂಗಳುಗಳಲ್ಲಿ ಆ ಶಿಲ್ಪಗಳಿಗೆ ಹಸಿವಾಗಲಿಲ್ಲ. ಅವುಗಳಿಗೆ ಮೂಲವಾದ ಜೀವಂತ ಜನಕ್ಕೆ ಹಸಿವಾಯಿತು.

ಹಾಗಾದರೆ ತೆರೆಯುವ ಧರ್ಮಕ್ಕೆ ಅಳತೆಗೋಲು ಯಾವುದು? ಅದನ್ನು ನಾನು ನಮ್ಮ ಸೀಮೆಯ ಹಳ್ಳಿಗಳ ಹೊರಬೀಡಿನಲ್ಲಿ ಕಾಣುತ್ತೇನೆ. ಮಾರಿಬೇನೆ ಸುಳಿದಾಗ, ಅಥವಾ ಗ್ರಾಮದೇವತೆಯ ಜಾತ್ರೆಗೆ ಮುಂಚೆ, ಒಂದು ದಿನ ಊರಿಗೆ ಊರೇ ಹೊಲಗಳಿಗೆ ಹೊರಟುಹೋಗುತ್ತದೆ. ನಸುಕಿನಲ್ಲಿ ಒಲೆಗಳನ್ನು ಆರಿಸಿ, ಮನೆಗಳನ್ನು ಮುಚ್ಚಿ, ಮುದುಕರನ್ನು ಚಕ್ಕಡಿಯಲ್ಲಿ ಕೂರಿಸಿ, ದನಕರುಗಳನ್ನು ಹೊಡೆದುಕೊಂಡು, ಬಾಣಂತಿಯರನ್ನೂ ಹಸುಗೂಸುಗಳನ್ನೂ ಬಿಡದೆ ಎಲ್ಲರೂ ಊರ ಹೊರಗಾಗುತ್ತಾರೆ. ಊರ ಅಗಸೆಬಾಗಿಲಿಗೆ ಮುಳ್ಳು ಹಚ್ಚುತ್ತಾರೆ. ಅಡಿಗೆ, ಊಟ, ಮಕ್ಕಳ ಆಟ ಎಲ್ಲವೂ ಅಂದು ಮರದಡಿಯಲ್ಲಿ. ಸಂಜೆ ಪೂಜೆಯಾದ ಮೇಲೆ ಮುಳ್ಳು ಸರಿಸಿ ಎಲ್ಲರೂ ಒಟ್ಟಿಗೆ ಒಳಬರುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮುಂಬಯಿಯಿಂದ ಹುಬ್ಬಳ್ಳಿಗೆ ಬಂದು ಆಗಿನ ಧಾರವಾಡ ಜಿಲ್ಲೆಯನ್ನೆಲ್ಲ ನಡುಗಿಸಿದಾಗಲೂ ಎಷ್ಟೋ ಜನರಿಗೆ ಆಸರೆಯಾದದ್ದು ಹೊಲದ ಗುಡಿಸಲುಗಳು. 2020ರಲ್ಲಿ ಉತ್ತರ ಕರ್ನಾಟಕದ ಎಷ್ಟೋ ಊರುಗಳು ಯಾರೂ ಹೇಳದೆಯೇ ದಾರಿಗೆ ಜಾಲಿಯ ಮುಳ್ಳು ಹಾಕಿಕೊಂಡದ್ದು ಈ ಹಳೆಯ ನೆನಪಿನಿಂದ. ಆದರೆ ಆ ನೆನಪಿನ ಅರ್ಧವನ್ನಷ್ಟೇ ನಾವು ಉಳಿಸಿಕೊಂಡೆವು. ಮುಳ್ಳು ಹಚ್ಚುವುದನ್ನು ನೆನೆದೆವು. ದುಡಿಯಲು ಹೋದವರು ನಡೆದು ಬಂದು ಆ ಮುಳ್ಳಿನ ಆಚೆ ನಿಂತಾಗ, ಅವರೂ ಊರಿನವರೇ ಎಂಬುದನ್ನು ಮರೆತ ಕಡೆಗಳೂ ಉಂಟು. ಹೊರಬೀಡಿನ ಪ್ರಾಣವಿರುವುದು ಮುಳ್ಳಿನಲ್ಲಲ್ಲ. ಯಾರನ್ನೂ ಹಿಂದೆ ಬಿಡದೆ ಹೊರಡುವುದರಲ್ಲಿ, ಯಾರನ್ನೂ ಹೊರಗೆ ಬಿಡದೆ ಮರಳುವುದರಲ್ಲಿ.

ಈ ಅಳತೆಗೋಲಿನಿಂದ ಅಳೆದರೆ ಉದ್ಯಾನದ ಪ್ರಶ್ನೆ ತಿಳಿಯಾಗುತ್ತದೆ. ಆನಂದಕ್ಕೆ ಅಪ್ಪಣೆ ಕೇಳಬೇಕಾದ್ದಿಲ್ಲ. ಅದು ಉಸಿರಿನಂತೆ ಸ್ವಭಾವಸಿದ್ಧವಾದುದು. ಅಪ್ಪಣೆ ಕೇಳಬೇಕಾದದ್ದು, ಆನಂದದ ಬೆಲೆಯನ್ನು ಯಾರು ತೆರುತ್ತಾರೋ ಅವರನ್ನು. ಒಳಗೆ ದುಡಿಯುವವನು ನಿರ್ಭಯನಾಗಿದ್ದಾನೆಯೇ, ಆಡಲು ಬಂದವನು ಪಕ್ಕದವನಿಗಾಗಿ ತನ್ನ ಕೂಗನ್ನು ತಡೆಯಬಲ್ಲನೇ, ಹೊರಗೆ ಉಳಿದ ಜಾತ್ರೆಯ ಜನಕ್ಕೆ ನಾಡು ಕೈ ನೀಡಿದೆಯೇ, ರೋಗ ಮತ್ತೆ ತಲೆಯೆತ್ತಿದರೆ ಲಾಭವನ್ನು ಬಿಟ್ಟು ಬಾಗಿಲು ಹಾಕುವ ಮನಸ್ಸು ಒಡೆಯನಿಗಿದೆಯೇ: ಇವಕ್ಕೆ ಹೌದೆಂಬ ಉತ್ತರ ದೊರೆತಾಗ ತೆರೆದ ಉದ್ಯಾನವು ಗುಡಿಯಷ್ಟೇ ಪವಿತ್ರವೆಂದು ಹೇಳಲು ನಾನು ಹಿಂಜರಿಯೆನು, ದೊರೆಯದಾಗ ತೆರೆದ ಗುಡಿಯೂ ಬರಿಯ ಕಟ್ಟಡ. ಬಾಡದಲ್ಲಿ ಹುಟ್ಟಿ, ನಾಯಕನಾಗಿ ಕತ್ತಿ ಹಿಡಿದು, ಅದನ್ನು ಕೆಳಗಿಟ್ಟು ಕಾಗಿನೆಲೆಗೆ ಬಂದ ಕನಕದಾಸರ ಬಾಳಿನಿಂದ ನಾಡು ಕಲಿತ ಪಾಠ ಒಂದೇ: ಬಾಗಿಲ ಹೊರಗೆ ನಿಂತವನ ಕಡೆಗೆ ದೇವರು ತಿರುಗುತ್ತಾನೆ. ಮಹಾಮಾರಿಗಳು ಇನ್ನೂ ಬಂದಾವು. ಬಾಗಿಲುಗಳನ್ನು ಮುಚ್ಚುವ, ತೆರೆಯುವ ಕಷ್ಟದ ನಿರ್ಣಯಗಳು ನಮ್ಮ ಮಕ್ಕಳ ಪಾಲಿಗೂ ಬಂದಾವು. ಆಗ ಅವರು ಯಾವ ಬಾಗಿಲನ್ನು ಮೊದಲು ತೆರೆಯಬೇಕೆಂಬ ಪಟ್ಟಿಯನ್ನು ಬರೆಯುವುದಕ್ಕೆ ಮುಂಚೆ, ಆ ಬಾಗಿಲು ತೆರೆದ ಮೇಲೆಯೂ ಹೊರಗೆ ಉಳಿಯುವವರ ಪಟ್ಟಿಯನ್ನು ಬರೆಯಲಿ. ಅವರ ಅನ್ನವನ್ನೂ ಔಷಧವನ್ನೂ ಅವರ ಮಕ್ಕಳ ಆಟವನ್ನೂ ಮೊದಲು ಏರ್ಪಡಿಸಿ, ಆಮೇಲೆ ಚಕ್ರಗಳನ್ನು ತಿರುಗಿಸಲಿ.